ಲೂಯಿ ಪಾಶ್ಚರ್: ಸಂಜೀವಿನಿಯೂ ಅದರೊಳಗಿನ ಮುಳ್ಳೂ

ಹುಚ್ಚುನಾಯಿಯ ಕಡಿತಕ್ಕೆ ಮದ್ದನ್ನು ಕಂಡುಹಿಡಿದ ಲೂಯಿ ಪಾಶ್ಚರರ ಹೆಸರನ್ನು ಕೇಳದವರು ವಿರಳ. ಆದರೆ ಮಕ್ಕಳ ಮೆದುಳನ್ನು ಪೀಡಿಸುವ ಒಂದು ವಿಚಿತ್ರ ವ್ಯಾಧಿಯ ಮರ್ಮವು ಆ ಮದ್ದಿನ ದೆಸೆಯಿಂದಲೇ ಹೊರಬಿದ್ದಿತೆಂಬುದು ಬಹು ಮಂದಿಗೆ ತಿಳಿಯದು.

ಪಾಶ್ಚರರು 1822ನೆಯ ಇಸವಿಯ ಡಿಸೆಂಬರ್ 27ರಂದು ಫ್ರಾನ್ಸಿನ ದೋಲ್ ಎಂಬ ಊರಿನಲ್ಲಿ, ಚರ್ಮ ಹದಮಾಡುವವರೊಬ್ಬರ ಮಗನಾಗಿ ಜನಿಸಿದರು. 1831ರಲ್ಲಿ, ಅವರು ಬೆಳೆದ ಸೀಮೆಯಲ್ಲಿ ಹುಚ್ಚುತೋಳವೊಂದು ಹಲವರನ್ನು ಕಡಿಯಿತು. ಕಮ್ಮಾರನ ಕುಲುಮೆಯಲ್ಲಿ ಕಾಯಿಸಿದ ಕಬ್ಬಿಣದಿಂದ ಗಾಯವನ್ನು ಸುಡುವುದೊಂದೇ ಅಂದಿನ ಚಿಕಿತ್ಸೆಯಾಗಿದ್ದಿತು. ಮುಂದೆ ರಸಾಯನಶಾಸ್ತ್ರಜ್ಞರಾಗಿ ಕೀರ್ತಿ ಪಡೆದರೂ ಮನೆಯ ಸುಖ ಅವರಿಗೆ ದಕ್ಕಲಿಲ್ಲ. 1859ರಿಂದ 1866ರೊಳಗೆ ಮೂವರು ಹೆಣ್ಣುಮಕ್ಕಳು ತೀರಿಕೊಂಡರು. 1868ರಲ್ಲಿ ಪಾರ್ಶ್ವವಾಯು ಬಡಿದು ಎಡಭಾಗ ಸ್ವಾಧೀನ ತಪ್ಪಿತು. ಆದರೂ ಅವರು ದುಡಿಮೆಯನ್ನು ಬಿಡಲಿಲ್ಲ.

1885ನೆಯ ಜುಲೈ 6ರಂದು, ನಾಯಿಯಿಂದ ಕಡಿಸಿಕೊಂಡಿದ್ದ 9 ವರ್ಷದ ಜೋಸೆಫ್ ಮೈಸ್ಟರನನ್ನು ತಾಯಿಯು ಅಲ್ಸೇಸಿನಿಂದ ಕರೆತಂದಳು. ಪಾಶ್ಚರರು ವೈದ್ಯರಲ್ಲ, ಆದುದರಿಂದ ಡಾಕ್ಟರ್ ಗ್ರಾಂಶೇ ಎಂಬವರು ಸೂಜಿ ಹಿಡಿದರು. ರೋಗ ತಗಲಿದ ಮೊಲದ ಬೆನ್ನುಹುರಿಯನ್ನು ಒಣಗಿಸಿ ಸಿದ್ಧಪಡಿಸಿದ ಮದ್ದನ್ನು 13 ಬಾರಿ ಚುಚ್ಚಲಾಯಿತು. ಹುಡುಗ ಬದುಕಿದನು. 1888ರಲ್ಲಿ ಪ್ಯಾರಿಸಿನಲ್ಲಿ ಪಾಶ್ಚರ್ ಸಂಸ್ಥೆ ತೆರೆಯಿತು. 1895ನೆಯ ಸೆಪ್ಟೆಂಬರ್ 28ರಂದು ಪಾಶ್ಚರರು ನಿಧನರಾದರು.

ಆದರೆ ಚಿಕಿತ್ಸೆ ಪಡೆದ ಕೆಲವರಿಗೆ ಒಂದೆರಡು ವಾರಗಳಲ್ಲಿ ಕೈಕಾಲುಗಳ ಶಕ್ತಿ ಉಡುಗಿತು, ಪ್ರಜ್ಞೆ ಮಂಕಾಯಿತು. ಕಾರಣವು ಬಹುಕಾಲ ಒಗಟಾಗಿಯೇ ಉಳಿಯಿತು. 1933ರಿಂದ 1935ರವರೆಗೆ ನ್ಯೂಯಾರ್ಕಿನಲ್ಲಿ ಥಾಮಸ್ ರಿವರ್ಸ್ ಮತ್ತು ಸಂಗಡಿಗರು ಆರೋಗ್ಯವಂತ ಮೊಲದ ಮೆದುಳಿನ ಅಂಶವನ್ನೇ ಮಂಗಗಳಿಗೆ ಮತ್ತೆ ಮತ್ತೆ ಚುಚ್ಚಿ ನೋಡಿದರು. ರೋಗಾಣುವೇ ಇಲ್ಲದಿದ್ದರೂ ಕೆಲವು ಮಂಗಗಳ ಮೆದುಳು ಉರಿಯೂತಕ್ಕೆ ತುತ್ತಾಯಿತು. ವಿದ್ಯುತ್ ತಂತಿಗೆ ರಬ್ಬರಿನಂತೆ ನರತಂತುವಿಗೆ ಮೈಲಿನ್ ಎಂಬ ಹೊದಿಕೆಯುಂಟು. ಹೊರಗಿನಿಂದ ಬಂದ ಮೆದುಳಿನ ಅಂಶದ ಮೇಲೆ ಕೆರಳಿದ ದೇಹದ ಕಾವಲುಪಡೆ, ತನ್ನದೇ ಮೈಲಿನನ್ನೂ ಶತ್ರುವೆಂದು ಬಗೆದು ತಿಂದುಹಾಕಿತ್ತು.

ಇಂಥದೇ ವ್ಯಾಧಿಯು ದಡಾರ ಮೊದಲಾದ ಸೋಂಕುಗಳ ತರುವಾಯವೂ, ಹೆಚ್ಚಾಗಿ ಮಕ್ಕಳಲ್ಲಿ, ಕಾಣಿಸಿಕೊಳ್ಳುವುದುಂಟು. ದಡಾರ ಬಂದ ಸುಮಾರು 1,000 ಮಕ್ಕಳಲ್ಲಿ ಒಬ್ಬರಿಗೆ ಇದು ತಗಲುತ್ತದೆ. ಜ್ವರ ಇಳಿದ ಮಗುವಿಗೆ ಮತ್ತೆ ತಲೆನೋವು, ವಾಂತಿ, ಅತಿಯಾದ ಮಂಪರು, ನಡಿಗೆಯಲ್ಲಿ ತಡವರಿಕೆ, ಕಣ್ಣು ಮಂಜಾಗುವುದು ಕಂಡುಬಂದರೆ ದೃಷ್ಟಿ ತಗಲಿತೆಂದು ತಾಯತ ಕಟ್ಟಿಸುತ್ತ ಕಾಲ ಕಳೆಯಬಾರದು. ಕೂಡಲೇ ದೊಡ್ಡಾಸ್ಪತ್ರೆಗೆ ಒಯ್ಯಬೇಕು. ಸ್ಟಿರಾಯ್ಡ್ ಔಷಧದ ಚಿಕಿತ್ಸೆಯಿಂದ ಬಹುಪಾಲು ಮಕ್ಕಳು ಚೇತರಿಸಿಕೊಳ್ಳುತ್ತಾರೆ.

ನಮ್ಮ ದೇಶದಲ್ಲಿ ಕಸೌಲಿ, ಕೂನೂರುಗಳ ಸಂಸ್ಥೆಗಳು ಕುರಿಯ ಮೆದುಳಿನಿಂದ ಲಸಿಕೆ ತಯಾರಿಸಿ ಅಸಂಖ್ಯ ಪ್ರಾಣಗಳನ್ನು ಉಳಿಸಿದವು. ಹೊಟ್ಟೆಗೆ ಚುಚ್ಚುತ್ತಿದ್ದ ಆ ಹದಿನಾಲ್ಕು ಸೂಜಿಗಳನ್ನು ಹಿರಿಯ ವಾಚಕರು ಮರೆತಿರಲಾರರು. ಅದರಲ್ಲಿಯೂ ಆ ಮುಳ್ಳು ಅಡಗಿದ್ದಿತು. 2004ರ ಕೊನೆಗೆ ಅದರ ತಯಾರಿಕೆ ನಿಂತಿತು. ಇಂದಿನ ಲಸಿಕೆಯು ಜೀವಕೋಶಗಳಲ್ಲಿ ಬೆಳೆಸಿದುದು. ಅದರಲ್ಲಿ ಮೆದುಳಿನ ಅಂಶವಿಲ್ಲ. ಅದನ್ನು ತೋಳಿಗೆ ಹಾಕುತ್ತಾರೆ. ಆದುದರಿಂದ ಹಳೆಯ ಭಯದಿಂದ ಯಾರೂ ಹಿಂಜರಿಯಬೇಕಾಗಿಲ್ಲ. ನಾಯಿ ಕಡಿದೊಡನೆ ಗಾಯವನ್ನು ಸಾಬೂನು ನೀರಿನಿಂದ ಹದಿನೈದು ನಿಮಿಷ ತೊಳೆದು, ಅಂದೇ ಲಸಿಕೆ ಹಾಕಿಸಿಕೊಳ್ಳತಕ್ಕದ್ದು.

ಮೂವರು ಮಕ್ಕಳನ್ನು ಮಣ್ಣಿಗಿಟ್ಟ ತಂದೆಯೊಬ್ಬನು ಪರರ ಮಕ್ಕಳಿಗೆ ಪ್ರಾಣವಿತ್ತನು. ಅವನ ಮದ್ದಿನೊಳಗಿನ ಮುಳ್ಳನ್ನು ಮುಚ್ಚಿಡದೆ ಹುಡುಕಿ ಕಿತ್ತವರೂ ಅವನ ಕಾರ್ಯವನ್ನೇ ಮುಂದುವರಿಸಿದರು.