ಪೇಟೆಂಟ್ ಇತ್ತು, ರಾಯಲ್ಟಿ ಬೇಡವೆಂದರು

ನಾವು ಮೂವರು. ನಾನು ಬ್ಯಾಡಗಿಯವನು, ಒಬ್ಬ ರಾಣೆಬೆನ್ನೂರಿನವನು, ಇನ್ನೊಬ್ಬಳು ಹಾವೇರಿಯವಳು. ಬಿಇ ಪ್ರಾಜೆಕ್ಟಿಗೆಂದು ಮೆಣಸಿನಕಾಯಿ ತೊಟ್ಟು ಬಿಡಿಸುವ ಪುಟ್ಟ ಯಂತ್ರ ಮಾಡಿದೆವು. ಪೇಟೆಂಟಿಗೆ ಅರ್ಜಿ ಹಾಕೋಣ ಅಂದ ದಿನವೇ ಜಗಳ. ನಕ್ಷೆ ಬರೆದವಳು ಅವಳು, ವೆಲ್ಡಿಂಗ್ ಮಾಡಿದವನು ನಾನು, ಅಪ್ಪನನ್ನು ಕಾಡಿ ದುಡ್ಡು ತಂದವನು ಅವನು. ವಿನ್ಯಾಸ ಯಾರದು? ಹದಿನೈದು ದಿನ ಮಾತು ಬಿಟ್ಟೆವು. ಆಗಲೇ ನಾನು ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಓದಿದ್ದು.

ಪ್ರತಿ ಸೆಪ್ಟೆಂಬರ್ 15ಕ್ಕೆ ಅವರ ಫೋಟೊಗೆ ಹಾರ ಹಾಕುತ್ತೇವೆ. ಕೆಆರ್‌ಎಸ್ ಗೊತ್ತು, ದಿವಾನರಾಗಿದ್ದು ಗೊತ್ತು. ಅವರ ಹೆಸರಿನಲ್ಲಿ ಪೇಟೆಂಟ್ ಇತ್ತೆಂಬುದು ಮಾತ್ರ ನನಗೆ ಗೊತ್ತಿರಲಿಲ್ಲ.

ಮುದ್ದೇನಹಳ್ಳಿಯ ಹುಡುಗ ಪುಣೆಯಲ್ಲಿ ಎಂಜಿನಿಯರಿಂಗ್ ಓದಿ ಮುಂಬೈ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದರು. ಆಗ ನಮ್ಮ ಮೂರೂ ಊರು ಧಾರವಾಡ ಜಿಲ್ಲೆಯೊಳಗೆ, ಅದೇ ಮುಂಬೈ ಪ್ರಾಂತ್ಯದಲ್ಲಿದ್ದವು. ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯ ಮಳೆಗಾಲದಲ್ಲಿ ಕೋಡಿ ಬಿದ್ದು ನೀರು ಸುಮ್ಮನೆ ಹರಿದು ಹೋಗುತ್ತಿತ್ತು. ಅಣೆಕಟ್ಟನ್ನು ಎತ್ತರಿಸದೆ ನೀರು ನಿಲ್ಲಿಸಬೇಕು. ಅವರು ಕೋಡಿಯ ಮೇಲೆ ಬಾಗಿಲುಗಳನ್ನು ಕೂರಿಸಿದರು. ನೀರು ಗೊತ್ತಾದ ಮಟ್ಟ ದಾಟಿದರೆ ಬಾಗಿಲು ತಾನೇ ತೆರೆಯುತ್ತದೆ, ಇಳಿದರೆ ತಾನೇ ಮುಚ್ಚುತ್ತದೆ. ಕಾವಲಿಗೆ ಆಳು ಬೇಡ. ಸುಮಾರು 8 ಅಡಿ ಹೆಚ್ಚು ನೀರು ನಿಂತಿತು. 1903ರ ಆಸುಪಾಸಿನ ಮಾತು. ಮುಂದೆ ಗ್ವಾಲಿಯರ್‌ನ ತಿಗ್ರಾಕ್ಕೂ ನಮ್ಮ ಕೆಆರ್‌ಎಸ್‌ಗೂ ಇದೇ ಬಗೆಯ ಬಾಗಿಲುಗಳು ಬಂದವು.

ಪೇಟೆಂಟ್ ಪಡೆದರು, ರಾಯಲ್ಟಿ ಮಾತ್ರ ಬೇಡವೆಂದರು. ಸರ್ಕಾರಿ ಕೆಲಸದಲ್ಲಿದ್ದು, ಸರ್ಕಾರದ ಕೆಲಸಕ್ಕೇ ರೂಪಿಸಿದ್ದು, ಅದಕ್ಕೆ ಬೇರೆ ಹಣವೇಕೆ ಎಂಬುದು ಅವರ ಲೆಕ್ಕ. ಹಾಗಾದರೆ ಪೇಟೆಂಟ್ ಯಾಕೆ? ಬೇರೆಯವರು ಇದು ನಮ್ಮದೆಂದು ಬೀಗ ಹಾಕದಿರಲಿ ಎಂದಿರಬಹುದು. ಇದು ನನ್ನ ಊಹೆ ಅಷ್ಟೇ.

ಓದುತ್ತಾ ಮೊದಲು ನಾಚಿಕೆಯಾಯಿತು, ಆಮೇಲೆ ಸ್ವಲ್ಪ ಸಿಟ್ಟೂ ಬಂತು. ಅವರಿಗೆ ತಿಂಗಳ ಸಂಬಳ ಇತ್ತು. ನಮಗೆ? ಗೆಳೆಯನ ಅಪ್ಪ ಕೊಟ್ಟ ದುಡ್ಡು ಸಾಲದ್ದು. ಆದರೆ ಹೆಸರು ಬೇರೆ, ಹಣ ಬೇರೆ ಎಂದು ಅವರು ಬಿಡಿಸಿ ನೋಡಿದ್ದು ನನಗೆ ಹಿಡಿಸಿತು. ನಾವು ಎರಡನ್ನೂ ಕಲಸಿಕೊಂಡು ಕಿತ್ತಾಡಿದ್ದೆವು.

ಹೋದ ಭಾನುವಾರ ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನಲ್ಲಿ ಮೂವರೂ ಸೇರಿದೆವು. ಅರ್ಜಿಯಲ್ಲಿ ಅವಳದು, ನನ್ನದು ಎರಡೇ ಹೆಸರು, ಮೊದಲನೆಯದು ಅವಳದು. ದುಡ್ಡು ಬಂದರೆ ಮೊದಲು ಗೆಳೆಯನ ಅಪ್ಪನ ಸಾಲ ತೀರಬೇಕೆಂದು ಬೇರೆ ಹಾಳೆಯಲ್ಲಿ ಬರೆದು ಸಹಿ ಮಾಡಿದೆವು. ಯಂತ್ರ ಇನ್ನೂ ಹತ್ತರಲ್ಲಿ ಮೂರು ಕಾಯಿ ಮುರಿಯುತ್ತಿದೆ.