ಜಾರ್ಜ್ ಐಸರ್: ಮಕ್ಕಳು ತಿದ್ದಿದ ಪಾಠ

ಬೋಧನಾಭ್ಯಾಸದ ಎರಡನೆಯ ವಾರ ಎಂಟನೆಯ ತರಗತಿಗೆ ಕಥನ ಪದ್ಧತಿಯಲ್ಲಿ ಒಂದು ಜೀವನಚರಿತ್ರೆ ಹೇಳಬೇಕಿತ್ತು. ನಾನು ಜಾರ್ಜ್ ಐಸರ್ ಅವರನ್ನು ಆರಿಸಿಕೊಂಡೆ. ಅದಕ್ಕೆ ಕಾರಣವಿತ್ತು. ಆ ತರಗತಿಯ ಒಬ್ಬ ಹುಡುಗ ಕಾಲಿಗೆ ಕ್ಯಾಲಿಪರ್ ಹಾಕಿಕೊಂಡು ಬರುತ್ತಿದ್ದ. ಆಟದ ಅವಧಿಯಲ್ಲಿ ಎಲ್ಲರ ಚೀಲ ಕಾಯುವುದು ಅವನ ಪಾಲಿನ ಕೆಲಸ.

ಐಸರ್ ಹುಟ್ಟಿದ್ದು 1870ರಲ್ಲಿ, ಜರ್ಮನಿಯ ಕೀಲ್ ನಗರದ ಬಳಿ. 14ನೆಯ ವಯಸ್ಸಿನಲ್ಲಿ ಅಮೆರಿಕಕ್ಕೆ ವಲಸೆ ಹೋದರು. ರೈಲಿಗೆ ಸಿಕ್ಕಿ ಎಡಗಾಲು ಕಳೆದುಕೊಂಡು ಮರದ ಕಾಲು ಹಾಕಿಸಿಕೊಂಡರು. ಸೇಂಟ್ ಲೂಯಿಸ್ ನಗರದಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದರು. ಜರ್ಮನ್ ವಲಸಿಗರ ಕಾಂಕಾರ್ಡಿಯಾ ವ್ಯಾಯಾಮ ಸಂಘದ ಸದಸ್ಯರಾಗಿದ್ದರು.

1904ರ ಒಲಿಂಪಿಕ್ಸ್ ಅದೇ ಊರಿನಲ್ಲಿ ನಡೆಯಿತು. ಜುಲೈನಲ್ಲಿ ಓಟ, ಉದ್ದಜಿಗಿತ, ಗುಂಡು ಎಸೆತ ಮೂರೂ ಸೇರಿದ ಸ್ಪರ್ಧೆಯಲ್ಲಿ ಐಸರ್ 118 ಮಂದಿಯಲ್ಲಿ ಕಟ್ಟಕಡೆಯವರಾದರು. ಅವರು ಅಲ್ಲಿಗೇ ಬಿಡಲಿಲ್ಲ. ಅಕ್ಟೋಬರ್‌ನಲ್ಲಿ ಒಂದೇ ದಿನ ಆರು ಪದಕ ಗೆದ್ದರು. ಪ್ಯಾರಲಲ್ ಬಾರ್ಸ್, ವಾಲ್ಟ್, ಹಗ್ಗ ಹತ್ತುವಿಕೆಯಲ್ಲಿ ಚಿನ್ನ. ಪಾಮೆಲ್ ಹಾರ್ಸ್ ಮತ್ತು ಸಮಗ್ರ ಸ್ಪರ್ಧೆಯಲ್ಲಿ ಬೆಳ್ಳಿ. ಹಾರಿಜಾಂಟಲ್ ಬಾರ್‌ನಲ್ಲಿ ಕಂಚು. 25 ಅಡಿ ಹಗ್ಗವನ್ನು ಅವರು ಹತ್ತಿದ್ದು 7 ಸೆಕೆಂಡುಗಳಲ್ಲಿ. 1908ರಲ್ಲಿ ಫ್ರಾಂಕ್‌ಫರ್ಟ್‌ನ ಅಂತರರಾಷ್ಟ್ರೀಯ ಕೂಟದಲ್ಲಿ ಕಾಂಕಾರ್ಡಿಯಾ ತಂಡ ಗೆದ್ದಾಗಲೂ ಅವರು ತಂಡದಲ್ಲಿದ್ದರು. 1919ರಲ್ಲಿ ತೀರಿಕೊಂಡರು.

ಪಾಠದ ಕೊನೆಗೆ ಕಪ್ಪುಹಲಗೆಯ ಮೇಲೆ ಸಾರಾಂಶ ಬರೆದೆ: ಐಸರ್ ಕಾಲಿನ ಆಟ ಬಿಟ್ಟು ತೋಳಿನ ಆಟ ಹಿಡಿದರು, ಆದ್ದರಿಂದ ಗೆದ್ದರು. ಪಾಠಯೋಜನೆಯಲ್ಲಿಯೂ ಹಾಗೆಯೇ ಇತ್ತು. ಆಗ ಕ್ಯಾಲಿಪರ್‌ನ ಹುಡುಗ ಎದ್ದು ನಿಂತು, ವಾಲ್ಟ್ ಎಂದರೆ ಏನು ಎಂದು ಕೇಳಿದ. ಓಡಿಬಂದು, ನೆಲ ಒದ್ದು ಮೇಲೆದ್ದು, ಉದ್ದನೆಯ ಹಾರ್ಸ್ ದಾಟಿ, ಆಚೆ ಕಾಲೂರಿ ನಿಲ್ಲುವುದು ಎಂದೆ. ಹಾಗಾದರೆ ಅದು ಕಾಲಿನ ಆಟವೇ ಅಲ್ಲವೇ ಎಂದು ಕೇಳಿ ಕುಳಿತ. ಅದೂ ಅವರು ಆಂಟನ್ ಹೈಡಾ ಅವರೊಂದಿಗೆ ಹಂಚಿಕೊಂಡ ಚಿನ್ನ. ಮೇಲ್ವಿಚಾರಕರು ಹಿಂದಿನ ಬೆಂಚಿನಲ್ಲಿ ಬರೆದುಕೊಳ್ಳುತ್ತಿದ್ದರು. ನಾನು ಸಾರಾಂಶವನ್ನು ಅಳಿಸಿದೆ.

ಐಸರ್‌ಗೆ ಯಾವ ಆಟ ಸಾಧ್ಯ ಎಂಬುದನ್ನು ನಾನು ತೀರ್ಮಾನಿಸಿಬಿಟ್ಟಿದ್ದೆ. ಆ ಹುಡುಗನ ವಿಷಯದಲ್ಲಿಯೂ ಅಷ್ಟೇ: ಅವನಿಗೆ ಹಗ್ಗ ಹತ್ತುವುದನ್ನು ಕಲಿಸೋಣ ಎಂದುಕೊಂಡಿದ್ದೆ. ಮರುದಿನ ಆಟದ ಅವಧಿಯಲ್ಲಿ ಅವನನ್ನೇ ಕೇಳಿದೆ. ಅವನು ಕಬಡ್ಡಿ ಎಂದ.

ಆ ದಿನ ಚೀಲಗಳನ್ನು ನಾನು ಕಾದೆ.