ಕೋವಿಕಾರ ಜಾನ್ ಬ್ರೌನಿಂಗ್

ಉಪಕರಣವನ್ನು ಮಾಡಿದವನ ಹೆಸರು ಅದರ ಮೇಲೆ ಉಳಿಯಬಹುದು. ಆದರೆ ಅದನ್ನು ಹಿಡಿದ ಕೈ ಏನು ಮಾಡಬೇಕೆಂಬುದು ಅವನ ವಶದಲ್ಲಿ ಉಳಿಯುವುದಿಲ್ಲ. ಅಮೆರಿಕದ ಕೋವಿಕಾರ ಜಾನ್ ಮೋಸೆಸ್ ಬ್ರೌನಿಂಗ್‌ನ ಜೀವನವನ್ನು ಓದಿದಾಗ ಈ ಮಾತು ಮನಸ್ಸಿಗೆ ಬರುತ್ತದೆ. ಅರೆಸ್ವಯಂಚಾಲಿತ ರೈಫಲುಗಳ ವಿಷಯವಾಗಿ ಆ ದೇಶದಲ್ಲಿ ನಡೆಯುತ್ತಿರುವ ವಾದವು ಕೋವಿಯುಳ್ಳವರಿಗೂ ಇಲ್ಲದವರಿಗೂ ನಡುವಣ ಜಗಳವೆಂದು ದೂರದಲ್ಲಿರುವ ನಾವು ಭಾವಿಸುವುದುಂಟು. ನಿಜವಾಗಿ ನೋಡಿದರೆ ಕೋವಿಯನ್ನು ಇಟ್ಟುಕೊಂಡವರಲ್ಲಿಯೇ ಒಮ್ಮತವಿಲ್ಲ. ಆ ಭಿನ್ನಾಭಿಪ್ರಾಯಕ್ಕೆ ನೂರು ವರ್ಷಗಳಿಗೂ ಮೀರಿದ ವಯಸ್ಸಾಗಿದೆ. ಅದರ ಮೊದಲ ಪುಟದಲ್ಲಿಯೇ ಬ್ರೌನಿಂಗ್‌ನ ಕೈಕೆಲಸವಿದೆ.

ಬ್ರೌನಿಂಗ್ 1855ನೆಯ ಇಸವಿಯ ಜನವರಿಯಲ್ಲಿ ಯೂಟಾ ಪ್ರಾಂತದ ಆಗ್ಡೆನ್ ಎಂಬ ಊರಿನಲ್ಲಿ ಹುಟ್ಟಿದನು. ತಂದೆ ಜೋನಾಥನ್ ಮಾರ್ಮನ್ ಪಂಥಕ್ಕೆ ಸೇರಿದ ಕೋವಿಕಾರ. ಒಂದರ ಮೇಲೊಂದು ಈಡು ಹಾರಿಸಬಲ್ಲ ಕೋವಿಗಳನ್ನು ಆ ಕಾಲಕ್ಕೇ ಮಾಡುತ್ತಿದ್ದನು. ಅವನಿಗೆ ಮೂವರು ಹೆಂಡತಿಯರು, ಇಪ್ಪತ್ತೆರಡು ಮಕ್ಕಳು. ಇಂತಹ ತುಂಬಿದ ಮನೆಯಲ್ಲಿ ಜಾನನಿಗೆ ದೊರೆತ ನಿಜವಾದ ಪಾಠಶಾಲೆಯೆಂದರೆ ತಂದೆಯ ಕುಲುಮೆ. ಹತ್ತು ವರ್ಷದ ಹುಡುಗನಾಗಿದ್ದಾಗಲೇ ಮುರುಕು ಸಾಮಾನುಗಳ ರಾಶಿಯಿಂದ ಒಂದು ಕೋವಿಯನ್ನು ಕಟ್ಟಿ, ತಮ್ಮನಾದ ಮ್ಯಾಟನೊಡನೆ ಹೋಗಿ ಕಾಡುಕೋಳಿಗಳನ್ನು ಹೊಡೆದು ತಂದನೆಂದು ಆ ಮನೆತನದವರು ಹೇಳಿಕೊಂಡು ಬಂದಿದ್ದಾರೆ.

1879ರಲ್ಲಿ ತಂದೆ ತೀರಿಕೊಂಡನು. ಅದೇ ವರ್ಷ ಮಗನಿಗೆ ಮೊದಲನೆಯ ಪೇಟೆಂಟು ದೊರೆಯಿತು. ಅದು ಒಂಟಿ ಈಡಿನ ರೈಫಲು. ಒಂದು ತೋಟಾ ಹಾಕಬೇಕು, ಒಂದು ಗುಂಡು ಹೊಡೆಯಬೇಕು, ಮತ್ತೆ ತೆರೆದು ಇನ್ನೊಂದು ತೋಟಾ ಹಾಕಬೇಕು. ಇಂತಹ ಕೋವಿ ಹಿಡಿದವನು ಮೊದಲನೆಯ ಗುಂಡಿನಲ್ಲಿಯೇ ಮನಸ್ಸಿಡಬೇಕಾಗುತ್ತಿತ್ತು. ಸೋದರರು ಸೇರಿ ಆಗ್ಡೆನ್ನಿನ ಸಣ್ಣ ಅಂಗಡಿಯಲ್ಲಿ ಇದನ್ನು ಮಾಡಿ ಮಾರುತ್ತಿದ್ದರು. 1883ರಲ್ಲಿ ವಿಂಚೆಸ್ಟರ್ ಕಂಪನಿಯ ಅಧಿಕಾರಿ ಬೆನೆಟ್ ಎಂಬಾತನು ರೈಲು ಹತ್ತಿ ಆ ಊರಿಗೆ ಬಂದು, 8,000 ಡಾಲರು ಕೊಟ್ಟು ಇದರ ಹಕ್ಕನ್ನು ಕೊಂಡನು. ಮುಂದೆ ಸುಮಾರು ಇಪ್ಪತ್ತು ವರ್ಷ ಬ್ರೌನಿಂಗ್ ಮಾಡಿದ್ದನ್ನು ವಿಂಚೆಸ್ಟರ್ ಕೊಳ್ಳುತ್ತ ಬಂದಿತು. 1886, 1892 ಮತ್ತು 1894ರ ಸನ್ನೆಯ ರೈಫಲುಗಳು, 1897ರ ಚರೆಕೋವಿ ಇವೆಲ್ಲ ಹೀಗೆ ಹುಟ್ಟಿದುವು. ಈ ನಡುವೆ ಎರಡು ವರ್ಷ ಕೋವಿಯ ಕೆಲಸವನ್ನೇ ಬಿಟ್ಟು, ತನ್ನ ಪಂಥದ ಪ್ರಚಾರಕನಾಗಿ ಜಾರ್ಜಿಯಾ ಪ್ರಾಂತದಲ್ಲಿ ಓಡಾಡಿ ಬಂದನು.

ಹಿಂತಿರುಗಿದ 1889ರಲ್ಲಿ ಒಂದು ಚಿಕ್ಕ ಸಂಗತಿ ನಡೆಯಿತು. ಗುಂಡು ಹಾರಿದಾಗ ನಳಿಗೆಯ ಬಾಯಿಂದ ಹೊಮ್ಮಿದ ಹೊಗೆಯ ರಭಸಕ್ಕೆ ಮುಂದಿನ ಹುಲ್ಲು ಗಿಡಗಳು ಬಾಗುವುದನ್ನು ಅವನು ಕಂಡನು. ಎಲ್ಲರೂ ಕಂಡಿದ್ದ ನೋಟವೇ. ಆದರೆ ವ್ಯರ್ಥವಾಗುತ್ತಿರುವ ಈ ಶಕ್ತಿಯಿಂದಲೇ ಕೋವಿಯನ್ನು ಮತ್ತೆ ತುಂಬಿಸಬಾರದೇಕೆ ಎಂಬ ಯೋಚನೆ ಅವನಿಗೆ ಹೊಳೆಯಿತು. ಹೊಗೆಯ ಒತ್ತಡದಿಂದ ನಡೆಯುವ ಮೆಷಿನ್‌ಗನ್ನು ಅದರಿಂದ ಹುಟ್ಟಿ, 1895ರಲ್ಲಿ ಕೋಲ್ಟ್ ಕಂಪನಿಯ ಮೂಲಕ ಹೊರಬಂದಿತು.

ಅನಂತರ ಅವನ ದೃಷ್ಟಿ ಬೇಟೆಗಾರರ ಕೋವಿಯ ಕಡೆಗೆ ತಿರುಗಿತು. ಗುಂಡು ಹಾರಿದಾಗ ಕೋವಿ ಹಿಂದಕ್ಕೆ ಒದೆಯುವುದು ಬಲ್ಲವರಿಗೆ ಗೊತ್ತು. ನಳಿಗೆಯೂ ಅಗುಳಿಯೂ ಕೂಡಿಯೇ ಹಿಂದಕ್ಕೆ ಸರಿಯುವಂತೆ ಅವನು ಏರ್ಪಡಿಸಿದನು. ಆ ಒದೆತದ ಬಲದಿಂದಲೇ ಸುಟ್ಟ ತೋಟಾ ಹೊರಬಿದ್ದು, ಹೊಸದು ಒಳಹೋಗುತ್ತಿತ್ತು. ಒಮ್ಮೆ ಕುದುರೆಯನ್ನೆಳೆದರೆ ಒಂದೇ ಗುಂಡು. ಮತ್ತೆ ತುಂಬುವ ಶ್ರಮ ಮಾತ್ರ ಕೈಗಿಲ್ಲ. ಅರೆಸ್ವಯಂಚಾಲಿತವೆಂಬುದರ ಅರ್ಥ ಇಷ್ಟೇ. ಐದು ಈಡಿನ ಈ ಚರೆಕೋವಿಗೆ ಅವನು ಮೊತ್ತವಲ್ಲದೆ ಮಾರಾಟದ ಪಾಲನ್ನೂ ಕೇಳಿದನು, ವಿಂಚೆಸ್ಟರ್ ಒಪ್ಪಲಿಲ್ಲ. 1902ರ ಜನವರಿಯಲ್ಲಿ ರೆಮಿಂಗ್ಟನ್ ಕಂಪನಿಯ ಅಧ್ಯಕ್ಷನನ್ನು ಕಾಣಲು ಹೋಗಿ ಕಾದು ಕುಳಿತಿದ್ದಾಗ, ಆತನು ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಬಂದಿತು. ಬ್ರೌನಿಂಗ್ ಹಡಗು ಹತ್ತಿ ಬೆಲ್ಜಿಯಮ್ಮಿಗೆ ಹೋದನು. ಅಲ್ಲಿನ ಹೆರ್‌ಸ್ಟಾಲ್ ಕಾರ್ಖಾನೆಯಲ್ಲಿ 1903ರಿಂದ ಆ ಕೋವಿ ತಯಾರಾಯಿತು. ಮುಂದೆ ರೆಮಿಂಗ್ಟನ್ನಿನವರೂ ಅದನ್ನು ಮಾಡಿದರು. ಒದೆತದ ಇದೇ ಕ್ರಮದಿಂದ ನಡೆಯುವ ಅವನ ರೈಫಲನ್ನು, ಮುಂದೆ 'ಎಂಟನೆಯ ಮಾದರಿ' ಎಂದು ಹೆಸರಾದುದನ್ನು, 1906ರಲ್ಲಿ ಮಾರುಕಟ್ಟೆಗೆ ತಂದರು. ಜಿಂಕೆಯ ಬೇಟೆಗೆ ಒದಗುವಷ್ಟು ಬಲವುಳ್ಳ ಅರೆಸ್ವಯಂಚಾಲಿತ ರೈಫಲು ಅಮೆರಿಕದ ಬೇಟೆಗಾರರ ಕೈಗೆ ಬಂದದ್ದು ಹೀಗೆ.

ಜಗಳವೂ ಆಗಲೇ ಮೊದಲಾಯಿತು. 1907ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯವು ಇಂತಹ ಕೋವಿಗಳಿಂದ ಬೇಟೆಯಾಡುವುದನ್ನು ನಿಷೇಧಿಸಿತು. ಇವನ್ನು ತೀಕ್ಷ್ಣವಾಗಿ ವಿರೋಧಿಸಿದವರಲ್ಲಿ ಮುಖ್ಯನಾದ ವಿಲಿಯಂ ಹಾರ್ನಡೇ ನ್ಯೂಯಾರ್ಕಿನ ಮೃಗಾಲಯದ ನಿರ್ದೇಶಕ. ಆತನು ಕೋವಿಯನ್ನು ಮುಟ್ಟದ ಸಾಧುವಲ್ಲ. ಯೌವನದಲ್ಲಿ ನಮ್ಮ ದಕ್ಷಿಣ ದೇಶಕ್ಕೇ ಬಂದು ಆನೆಮಲೆಯ ಕಾಡುಗಳಲ್ಲಿ ಬೇಟೆಯಾಡಿದವನು. ಬೇಟೆಯಲ್ಲಿ ಪ್ರಾಣಿಗೂ ಒಂದು ಅವಕಾಶವಿರಬೇಕು, ಶ್ರಮವಿಲ್ಲದೆ ಗುಂಡು ಸುರಿಸುವುದು ಬೇಟೆಯಲ್ಲ, ಕೊಲೆ ಎಂಬುದು ಆತನ ಪಕ್ಷ. 1913ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇದನ್ನು ವಿಸ್ತಾರವಾಗಿ ವಾದಿಸಿದನು. ಮರುವರ್ಷವೇ ಸಿನ್ಸಿನಾಟಿಯ ಮೃಗಾಲಯದಲ್ಲಿ, ಒಂದು ಕಾಲಕ್ಕೆ ಆಕಾಶವನ್ನೇ ಮುಚ್ಚುತ್ತಿದ್ದ ಪ್ರವಾಸಿ ಪಾರಿವಾಳದ ಕಟ್ಟಕಡೆಯ ಹಕ್ಕಿ ಸತ್ತಿತು. ಆ ಹಕ್ಕಿಯ ಕುಲವನ್ನು ಅಳಿಸಿದ್ದು ಹಳೆಯ ಕೋವಿಗಳೂ ಬಲೆಗಳೂ ಹೊರತು ಈ ಹೊಸ ಕೋವಿಯಲ್ಲ. ಆದರೂ ಹಾರ್ನಡೇಯ ಭಯಕ್ಕೆ ಆಧಾರವಿಲ್ಲವೆನ್ನುವಂತಿರಲಿಲ್ಲ.

ಎದುರು ಪಕ್ಷದವರ ಮಾತೂ ತಳ್ಳಿಹಾಕುವಂತಹದಲ್ಲ. ದಿನಕ್ಕೆ ಎಷ್ಟು ಹಕ್ಕಿಯೆಂದು ಕಾನೂನು ಮಿತಿ ಹಾಕಿದರೆ ಸಾಕು, ಕೋವಿ ಯಾವುದಾದರೇನು? ಗಾಯಗೊಂಡು ನರಳುವ ಪ್ರಾಣಿಗೆ ಎರಡನೆಯ ಗುಂಡು ಬೇಗ ದೊರೆಯುವುದು ದಯೆಯಲ್ಲವೆ? ಒಂದು ಮಧ್ಯಮಾರ್ಗವೂ ಕಾಣಿಸಿತು. 1935ರಲ್ಲಿ ವಲಸೆ ಹಕ್ಕಿಗಳ ಬೇಟೆಗೆ ಚರೆಕೋವಿಯಲ್ಲಿ ಮೂರಕ್ಕಿಂತ ಹೆಚ್ಚು ತೋಟಾ ಹಿಡಿಯಬಾರದೆಂಬ ನಿಯಮವನ್ನು ಅಮೆರಿಕದ ಸರ್ಕಾರ ತಂದಿತು. ಕೋವಿ ಉಳಿಯಿತು, ಹಸಿವಿಗೆ ಬಿರಡೆ ಬಿದ್ದಿತು.

ಬ್ರೌನಿಂಗ್ ಈ ವಾದದಲ್ಲಿ ತೊಡಗದೆ ಬೆಂಚಿನ ಮುಂದೆಯೇ ನಿಂತಿದ್ದನು. 1911ರಲ್ಲಿ ಅವನ ಪಿಸ್ತೂಲನ್ನು ಅಮೆರಿಕದ ಸೈನ್ಯ ಸ್ವೀಕರಿಸಿತು. 1914ರಲ್ಲಿ ಸರಾಯೆವೊ ನಗರದಲ್ಲಿ ಆಸ್ಟ್ರಿಯದ ಯುವರಾಜನನ್ನು ಕೊಂದದ್ದು ಅವನೇ ರೂಪಿಸಿದ, ಹೆರ್‌ಸ್ಟಾಲಿನಲ್ಲಿ ತಯಾರಾದ ಒಂದು ಪಿಸ್ತೂಲು. ಅದರ ಬೆನ್ನಿಗೆ ಬಂದ ಮಹಾಯುದ್ಧದ ಕೊನೆಯ ವರ್ಷದಲ್ಲಿ ಅವನ ಮೆಷಿನ್‌ಗನ್ನೂ ಸ್ವಯಂಚಾಲಿತ ರೈಫಲೂ ಫ್ರಾನ್ಸಿನ ರಣರಂಗಕ್ಕೆ ಬಂದವು. ಅಲ್ಲಿ ಆ ರೈಫಲನ್ನು ಹಿಡಿದವರಲ್ಲಿ ಅವನ ಮಗ ವ್ಯಾಲ್ ಕೂಡ ಒಬ್ಬನು. ಬೇಟೆಗಾರನ ಕೋವಿಯೂ ಸೈನಿಕನ ಕೋವಿಯೂ ಒಂದೇ ಕುಲುಮೆಯಲ್ಲಿ ಬೆಳೆದ ಅಣ್ಣತಮ್ಮಂದಿರಾಗಿದ್ದುವು.

ಇಂದಿನ ಜಗಳದ ಬೇರು ಇಲ್ಲಿಯೇ ಇದೆ. 1950ರ ದಶಕದಲ್ಲಿ ಯೂಜಿನ್ ಸ್ಟೋನರ್ ಎಂಬಾತನು ರೂಪಿಸಿದ ಎ.ಆರ್.-15 ರೈಫಲಿನ ಅರೆಸ್ವಯಂಚಾಲಿತ ಮಾದರಿಯು 1964ರಲ್ಲಿ ಸಾಮಾನ್ಯ ಜನರಿಗೆ ಮಾರಾಟಕ್ಕೆ ಬಂದಿತು. ಹಗುರ, ಒದೆತ ಕಡಮೆ, ಗುರಿ ನಿಖರ, ಪ್ರಾಯದವರೂ ಹೆಂಗಸರೂ ಸುಲಭವಾಗಿ ಹಿಡಿಯಬಹುದೆಂದು ಕೆಲವು ಒಡೆಯರು ಮೆಚ್ಚುತ್ತಾರೆ. ಇದು ಯುದ್ಧಕ್ಕೆ ಹುಟ್ಟಿದ ಆಕಾರ, ಬೇಟೆಗಾರನ ಶಿಸ್ತಿಗೆ ಹೊಂದದು ಎಂದು ಅದೇ ಕಾಡಿಗೆ ಹೋಗುವ ಇತರರು ಹೇಳುತ್ತಾರೆ. 2007ರಲ್ಲಿ ಬೇಟೆಯ ವಿಷಯವಾಗಿ ಬರೆಯುವ ಒಬ್ಬ ಹೆಸರಾಂತ ಲೇಖಕನು ಹೀಗೆ ಬರೆದು, ಕೆಲವೇ ದಿನಗಳಲ್ಲಿ ಓದುಗರ ಕೋಪಕ್ಕೆ ಗುರಿಯಾಗಿ ಕೆಲಸವನ್ನೇ ಕಳೆದುಕೊಂಡನು. 2018ರಲ್ಲಿ ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಮಂದಿ ಹತರಾದಾಗ, ಕೆಲವರು ತಮ್ಮ ರೈಫಲುಗಳನ್ನು ತಾವೇ ಗರಗಸದಿಂದ ಕೊಯ್ದುಹಾಕಿದರು. ಪೆನ್ಸಿಲ್ವೇನಿಯಾದಲ್ಲಂತೂ 1907ರ ಪ್ರಶ್ನೆ 2017ರಲ್ಲಿ ಮರುಕಳಿಸಿತು. ಅರೆಸ್ವಯಂಚಾಲಿತ ರೈಫಲನ್ನು ಜಿಂಕೆಯ ಬೇಟೆಗೂ ಬಿಡಲು ಮೊದಲು ಒಪ್ಪಿದ ಬೇಟೆಯ ಮಂಡಲಿಯು, ಬೇಟೆಗಾರರೇ ಬೇಡವೆಂದಾಗ ಹಿಂದೆಗೆದು, ಸಣ್ಣ ಪ್ರಾಣಿಗಳ ಬೇಟೆಗೆ ಮಾತ್ರ ಅನುಮತಿ ಕೊಟ್ಟಿತು. ಹಿಂದೆ ಜಗಳವಿದ್ದದ್ದು ಹಕ್ಕಿಗಳಿಗಾಗಿ. ಈಗ ಅದರಲ್ಲಿ ಮಕ್ಕಳ ಪ್ರಾಣವೂ ಸೇರಿದೆ. ಅದರಿಂದಲೇ ದನಿ ಏರಿದೆ.

ಬ್ರೌನಿಂಗ್ 1926ರ ನವೆಂಬರ್ 26ರಂದು ಹೆರ್‌ಸ್ಟಾಲ್ ಕಾರ್ಖಾನೆಯಲ್ಲಿ, ಮಗನ ಕೊಠಡಿಯಲ್ಲಿಯೇ, ಹೃದಯ ನಿಂತು ತೀರಿಕೊಂಡನು. ಅವನ ಹೆಸರಿನಲ್ಲಿ 128 ಪೇಟೆಂಟುಗಳಿದ್ದುವು. ಆಗ ಅವನ ಕೈಯಲ್ಲಿದ್ದ ಕೆಲಸಗಳಲ್ಲಿ ಒಂದು, ನಳಿಗೆಯ ಮೇಲೆ ನಳಿಗೆಯನ್ನಿಟ್ಟ ಒಂದು ಚರೆಕೋವಿ. ಅದನ್ನು ಮಗ ವ್ಯಾಲ್ ಪೂರೈಸಿದನು. ಅದು ತಾನೇ ತುಂಬಿಕೊಳ್ಳುವ ಕೋವಿಯಲ್ಲ. ಎರಡು ಈಡು ಮುಗಿದರೆ ಕೈಯಿಂದಲೇ ತುಂಬಬೇಕು. ಒಂದು ಈಡಿನಿಂದ ಹೊರಟು, ನಿಮಿಷಕ್ಕೆ ನೂರಾರು ಈಡುಗಳವರೆಗೆ ಹೋದ ಕೈ, ಕೊನೆಗೆ ಎರಡು ಈಡಿನ ಕೋವಿಯ ಮೇಲಿತ್ತು.

ಇದರಿಂದ ಅವನು ಇಂತಹ ಪಕ್ಷದವನೆಂದು ಸಾಧಿಸುವುದು ಸರಿಯಲ್ಲ. ಆದರೆ ಅವನ ಜೀವನ ಒಂದು ವಿಷಯವನ್ನು ತಿಳಿಸುತ್ತದೆ. ಪ್ರತಿ ಗುಂಡಿಗೂ ತೋಟಾ ತುಂಬಬೇಕಾಗಿದ್ದಾಗ ಆ ಶ್ರಮವೇ ಮನುಷ್ಯನಿಗೆ ಯೋಚಿಸಲು ಒಂದು ಕ್ಷಣ ಕೊಡುತ್ತಿತ್ತು. ಯಂತ್ರವು ಆ ಶ್ರಮವನ್ನು ತೆಗೆದುಹಾಕಿದ ಮೇಲೆ, ಆ ಕ್ಷಣವನ್ನು ಮನುಷ್ಯನೇ ಸಂಪಾದಿಸಿಕೊಳ್ಳಬೇಕು, ಇಲ್ಲವೆ ಕಾನೂನು ಅದನ್ನು ಒದಗಿಸಬೇಕು. ಇವೆರಡರಲ್ಲಿ ಯಾವುದನ್ನು ಎಷ್ಟು ನಂಬಬಹುದೆಂಬುದೇ ಆ ಕೋವಿಯ ಒಡೆಯರ ಜಗಳ. ಅದು ಅವರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯೆಂದು ನನಗೆ ತೋರುವುದಿಲ್ಲ.